ಮೂರನೆಯ ಹಾಡು

ಒಗೆದು ಮಡಿಸಿಟ್ಟಿದ್ದ ಬಿಳಿ ಶರ್ಟನ್ನು ಬೀರುವಿನಿಂದ ತೆಗೆದು, ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಅದರ ಎದೆಯ ಮೇಲೆ ತಣ್ಣಗಾದ ಕಾಫಿಯನ್ನು ಸುರಿಯುತ್ತಿದ್ದಾಗ, ಇವತ್ತು ಇದರ ಅಗತ್ಯವೇ ಇರಲಿಲ್ಲವಲ್ಲ ಎಂದು ಅವನಿಗೆ ಹೊಳೆಯಿತು. ಇವತ್ತು ಲಾಂಡ್ರಿಯವರೇ ಕರೆದಿದ್ದರು. “ಅಮ್ಮ ಒಪ್ಪಿದಾರೆ ಡಾಕ್ಟ್ರೇ, ಗಾಡಿ ತಗೊಂಡೇ ಬಂದ್ಬಿಡಿ” ಎಂದು ಲಾಂಡ್ರಿ ಅಮ್ಮನ ಮಗಳು ಬೆಳಿಗ್ಗೆ ಫೋನಿನಲ್ಲಿ ಹೇಳಿದಾಗಿನಿಂದ ಅವನ ಕೈಗಳು ಅವನ ಮಾತು ಕೇಳುತ್ತಿರಲಿಲ್ಲ. ಊರವರ ಬಾಯೊಳಗೆ ಸೂಜಿಯ ಮೊನೆಯನ್ನು ಕೂದಲೆಳೆಯಷ್ಟೂ ಅಲುಗದಂತೆ ಹಿಡಿಯುವ ಹಲ್ಲಿನ ಡಾಕ್ಟರನ ಕೈಗಳು ಅವು. ವರ್ಷಗಟ್ಟಲೆ ಅವನು ಆ ಲಾಂಡ್ರಿಗೆ ಒಳ್ಳೆಯ ಶರ್ಟುಗಳನ್ನು ಕೊಳೆ ಮಾಡಿಕೊಂಡು ಹೋಗಿದ್ದ; ಕಾಫಿ ಚೆಲ್ಲಿ, ಶಾಯಿ ಸಿಡಿಸಿ, ಒಮ್ಮೆ ಸೈಕಲ್ ಚೈನಿಗೆ ಉಜ್ಜಿ. ಶರ್ಟು ನೆಪ. ಇಸ್ತ್ರಿ ಮೇಜಿನ ಹಿಂದೆ, ಹೋಟೆಲಿನ ಮೇಲುಹಾಸುಗಳ ಗಂಟುಗಳ ಅಡಿಯಲ್ಲಿ, ಗೋಡೆಗೆ ಒರಗಿಕೊಂಡು ಕೂತಿದ್ದ ಹಳೆಯ ಆರ್ಗನ್ ಪೆಟ್ಟಿಗೆಯ ಒಂದು ಮೂಲೆಯನ್ನು ನೋಡಿಕೊಂಡು ಬರುವುದು ಅವನ ಕೆಲಸ. ಒದ್ದೆಯಾದ ಶರ್ಟನ್ನು ಮಡಿಸಿ ಚೀಲಕ್ಕೆ ಹಾಕುತ್ತ ಅವನು ತನ್ನ ಮುಖವನ್ನು ಕನ್ನಡಿಯಲ್ಲಿ ನೋಡಿಕೊಂಡ. ಇರಲಿ, ಬರಿಗೈಯಲ್ಲಿ ಹೋದರೆ ಆಸೆ ಎದ್ದು ಕಾಣುತ್ತದೆ ಎಂದುಕೊಂಡ.

ಅಂಥ ಪೆಟ್ಟಿಗೆಗಳು ಅವನ ಮನೆಯಲ್ಲಿ ಆಗಲೇ ನಾಲ್ಕಿದ್ದವು. ಹಿಡಿ ತಿರುಗಿಸಿದರೆ ಒಳಗೆ ಮರದ ಉರುಳೆ ತಿರುಗಿ, ಅದರ ಮೈತುಂಬ ನೆಟ್ಟ ಹಿತ್ತಾಳೆ ಮೊಳೆಗಳು ಒಂದೊಂದೇ ಕೀಲಿಯನ್ನು ಎತ್ತಿ, ತಿದಿಯ ಗಾಳಿ ಕೊಳವೆಗಳಿಗೆ ನುಗ್ಗಿ ತಾನಾಗಿ ಹಾಡುವ ಪೆಟ್ಟಿಗೆಗಳು. ಯಾರದೋ ಗ್ಯಾರೇಜಿನಲ್ಲಿ, ಯಾರದೋ ಅಟ್ಟದಲ್ಲಿ, ಇಲಿಗೆ ಗೂಡಾಗಿ, ಹೂಕುಂಡಕ್ಕೆ ಪೀಠವಾಗಿ ಬಿದ್ದಿದ್ದವುಗಳನ್ನು ಅವನು ಬೇಡಿ, ಕಾಡಿ ತಂದು ಜೀವ ಕೊಟ್ಟಿದ್ದ. ಒಂದು ಊಟದ ಮೇಜಿನ ಪಕ್ಕದಲ್ಲಿತ್ತು, ಒಂದು ಕ್ಲಿನಿಕ್ಕಿನಲ್ಲಿ ರೋಗಿಗಳು ಕಾಯುವ ಕೋಣೆಯಲ್ಲಿತ್ತು. “ಇನ್ನೊಂದು ಬಂದ್ರೆ ನಾನು ಅದರೊಳಗೇ ಸಂಸಾರ ಹೂಡ್ಬೇಕಾಗತ್ತೆ” ಎಂದು ಹೆಂಡತಿ ಇವತ್ತು ಕೂಡ ಹೇಳಿದಳು. ಹೇಳಿದವಳೇ ಊಟದ ಮೇಜನ್ನು ಕಿಟಕಿಯ ಕಡೆಗೆ ಎಳೆದು ಜಾಗ ಮಾಡಿಟ್ಟಳು. ವ್ಯಾನು ಅವಳ ತಮ್ಮನದು. ಹಾಸಿಗೆ ಅಂಗಡಿ ಇಟ್ಟುಕೊಂಡಿರುವ ಭಾಮೈದ ಹಿಂದಿನ ಸೀಟೆಲ್ಲ ಬಿಚ್ಚಿ, ಎರಡು ಹೊಸ ಹಾಸಿಗೆ ಹಾಸಿಕೊಂಡು ಬಂದಿದ್ದ. “ಇದೂ ಸತ್ತಿರೋದೇನಾ ಭಾವ?” ಎಂದ. “ಸತ್ತಿಲ್ಲಪ್ಪ, ಮೂರ್ಛೆ ಹೋಗಿದೆ” ಎಂದು ಅವನು ಎಂದಿನಂತೆ ಉತ್ತರ ಕೊಟ್ಟ. ಆದರೆ ಮಾತು ಹೊರಬಿದ್ದ ಮೇಲೆ ಬಾಯಿ ಕಹಿಯಾಯಿತು.

ಯಾಕೆಂದರೆ ಅವನಿಗೆ ತನ್ನ ದನಿಯ ಪರಿಚಯ ಇತ್ತು. ಕುರ್ಚಿಯಲ್ಲಿ ಒರಗಿಸಿ, ದೀಪವನ್ನು ಮುಖದ ಮೇಲೆ ಎಳೆದು, “ಏನೂ ನೋವಾಗಲ್ಲ, ಒಂಚೂರು ಬಾಯಿ ತೆಗೀರಿ” ಎನ್ನುವ ಅದೇ ದನಿಯಲ್ಲಿ ಅವನು ಆರ್ಗನ್ನುಗಳನ್ನೂ ಜನರ ಮನೆಯಿಂದ ಕಿತ್ತುಕೊಂಡು ಬಂದಿದ್ದ. ಕೊಡಲೊಲ್ಲದವರೇ ಎಲ್ಲ. ಇಲಿ ತಿಂದರೂ ಸರಿ, ಇರಲಿ ಎನ್ನುವವರು. ಹಡಗಿನಲ್ಲಿ ಅಡುಗೆಯವನಾಗಿದ್ದ ಒಬ್ಬ ಮುದುಕ ಕೊಟ್ಟ ಮೇಲೂ, ಇವರು ಹೊರುತ್ತಿದ್ದಾಗ, ಆ ಖಾಲಿ ಜಾಗದಲ್ಲಿ ನೆಲವನ್ನು ಚಪ್ಪಲಿಯ ತುದಿಯಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದ. ಹಲ್ಲು ಕೀಳಿಸಿಕೊಂಡವರ ನಾಲಿಗೆ ದಿನಗಟ್ಟಲೆ ಆ ಸಂದನ್ನು ತಡಕುವ ಹಾಗೆ. ಉಳಿಸುವುದಕ್ಕಾಗಿಯೇ ತಂದಿದ್ದೇನೆ ಎಂದು ಅವನು ಆಮೇಲೆ ತನಗೆ ತಾನೇ ಹೇಳಿಕೊಂಡಿದ್ದ. ಉಳಿಸಿಯೂ ಇದ್ದ. ಆದರೆ ರಾತ್ರಿಯ ಊಟಕ್ಕೆ ಕೂತಾಗ, ಮೇಜಿನ ಪಕ್ಕದ ಪೆಟ್ಟಿಗೆಯ ಮೇಲೆ ಕೈಯಾಡಿಸಿದಾಗ, ಅದರ ನುಣುಪಿನಲ್ಲಿ ಒಂದು ಚಪ್ಪಲಿಯ ತುದಿ ಕಂಡಂತಾಗುತ್ತಿತ್ತು.

ಲಾಂಡ್ರಿಯ ಬೀದಿಯಲ್ಲಿ ಬಿಸಿಲು ಬಿದ್ದಿತ್ತು. ಒಳಗೆ ಹಬೆ. ಬಾಗಿಲು ದಾಟಿದ ಕೂಡಲೇ ಕನ್ನಡಕ ಮಂಜಾಗಿ, ಅವನು ಕುರುಡನಂತೆ ನಿಂತ. ಸೋಪು, ಗಂಜಿ, ಬಿಸಿ ಹತ್ತಿಬಟ್ಟೆಯ ವಾಸನೆ. ಈ ಹಬೆಯನ್ನು ಅವನು ಶತ್ರುವಿನ ಹಾಗೆ ದ್ವೇಷಿಸುತ್ತಿದ್ದ. ಇದು ಕಾಲಕಾಲಕ್ಕೆ ಆ ಪೆಟ್ಟಿಗೆಯ ಅಂಟನ್ನು ಸಡಿಲ ಮಾಡುತ್ತ, ತಿದಿಯ ತೊಗಲನ್ನು ಕೊಳೆಸುತ್ತ ಇರುವುದು ಅವನಿಗೆ ಮನೆಯಲ್ಲಿ ಮಲಗಿದ್ದರೂ ಗೊತ್ತಾಗುತ್ತಿತ್ತು. ಕನ್ನಡಕ ಒರೆಸಿಕೊಂಡು ಹಾಕಿಕೊಂಡಾಗ ಮೊದಲು ಕಂಡದ್ದು ಮಗಳ ಮುಖ. ನಲವತ್ತು ದಾಟಿದ, ತೋಳು ಮಡಿಸಿದ, ಗಟ್ಟಿ ಹೆಂಗಸು. ಅವಳ ಕಣ್ಣು ಏನನ್ನೋ ಸನ್ನೆ ಮಾಡುತ್ತಿತ್ತು. ಅವಳ ಹಿಂದೆ ಇಸ್ತ್ರಿ ಮೇಜಿನ ಮುಂದೆ ಲಾಂಡ್ರಿ ಅಮ್ಮ, ಎಂಬತ್ತರ ಹತ್ತಿರದ ಪುಟ್ಟ ಆಕೃತಿ, ಯಾರದೋ ಶರ್ಟಿನ ಕಾಲರನ್ನು ತೀಡುತ್ತಿದ್ದಳು. ತಲೆ ಎತ್ತಲಿಲ್ಲ.

“ಯಾರು ಒಪ್ಪಿದ್ದು?” ಎಂದಳು ಆಕೆ, ಕಾಲರನ್ನೇ ಕೇಳುವವಳಂತೆ.

“ಅಮ್ಮಾ, ನಿನ್ನೆ ಹೂಂ ಅಂದ್ಯಲ್ಲ!” ಎಂದಳು ಮಗಳು.

“ನಿನ್ನೆ ನಂಗೆ ನಿದ್ದೆ ಬಂದಿತ್ತು. ನೀನು ಏನ್ ಕೇಳಿದ್ರೂ ಹೂಂ ಅಂತಿದ್ದೆ.”

ಬಟ್ಟೆ ಒಣಗಿಸುವ ಹೊಸ ಮೆಷಿನ್ನು ತರಿಸಿ ಆ ಮೂಲೆಯಲ್ಲಿ ಇಡಬೇಕು ಎನ್ನುವುದು ಮಗಳ ಬಹಳ ದಿನದ ಆಸೆ. ಅವಳು ಅವನ ಕಡೆ ತಿರುಗಿ, ನೀವೇ ಏನಾದರೂ ಮಾಡಿ ಎನ್ನುವಂತೆ ಹುಬ್ಬು ಏರಿಸಿದಳು. ಭಾಮೈದ ಬಾಗಿಲಲ್ಲಿ ನಿಂತು ಬೀದಿಯನ್ನು ನೋಡತೊಡಗಿದ. ಡಾಕ್ಟರ್ ತನ್ನ ಚೀಲದಿಂದ ಶರ್ಟನ್ನು ತೆಗೆದು ಮೇಜಿನ ಮೇಲಿಟ್ಟ.

ಆಕೆ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ ಶರ್ಟನ್ನು ಬಿಡಿಸಿದಳು. ಕಲೆಯನ್ನು ಮೂಸಿದಳು. “ಕಾಫಿ. ಇನ್ನೂ ಹಸಿ” ಎಂದಳು. “ಡಾಕ್ಟ್ರೇ, ಒಂದು ಮಾತು ಕೇಳ್ಲಾ? ಮೈಮೇಲೆ ಚೆಲ್ಲಿಕೊಂಡ ಕಾಫಿ ಕೆಳಕ್ಕೆ ಇಳಿಯತ್ತೆ. ನಿಮ್ಮ ಶರ್ಟಿನಲ್ಲಿ ಅದು ಯಾವಾಗ್ಲೂ ದುಂಡಗೆ ಇರತ್ತೆ. ನೆಲದ ಮೇಲೆ ಹರಡಿಕೊಂಡು ಸುರೀತೀರಾ?”

ಅವನ ಕಿವಿಗಳು ಬಿಸಿಯಾದವು. ಬಾಗಿಲಲ್ಲಿ ಭಾಮೈದನ ಭುಜ ಅಲುಗಿತು. ಇಷ್ಟು ದಿನವೂ ಆಕೆ ಪ್ರತಿ ಸಲ ಚೀಟಿ ಅಂಟಿಸಿ, “ಗುರುವಾರ ಬನ್ನಿ” ಎಂದು ಗಂಭೀರವಾಗಿ ಹೇಳಿದ್ದಳಲ್ಲ. ಎಲ್ಲ ತಿಳಿದುಕೊಂಡೇ. ತಾನು ಇಲ್ಲಿ ಒಗೆಯಲು ಕೊಟ್ಟದ್ದು ಶರ್ಟುಗಳನ್ನಲ್ಲ ಎಂಬಂತೆ ಅವನಿಗೆ ಮೈ ಹಿಡಿಯಾಯಿತು. ಆಕೆ ಅಷ್ಟಕ್ಕೇ ಬಿಡಲಿಲ್ಲ. “ಹೋದ ಚಳಿಗಾಲದಲ್ಲಿ ನಾನು ಜ್ವರ ಬಂದು ಮಲಗಿದ್ದಾಗ ಹಣ್ಣು ತಂದ್ರಲ್ಲ, ಅಂಗಡಿ ಬಾಗಿಲಿಂದ ಒಳಗಿನ ನನ್ನ ಮಂಚಕ್ಕೆ ಬರೋ ದಾರೀಲಿ ಪೆಟ್ಟಿಗೆ ಮೇಲೆ ಕೈಯಿಟ್ಟು ನೋಡಿದ್ರಿ. ಆಮೇಲೆ ಹುಷಾರಾಗಿದೀರಾ ಅಂತ ಕೇಳಿದ್ರಿ. ಪೆಟ್ಟಿಗೇನ ಕೇಳಿದ್ರೋ ನನ್ನ ಕೇಳಿದ್ರೋ ಅಂತ ನಾನು ಜ್ವರದಲ್ಲೂ ನಗಾಡಿದೆ.”

ಅದು ನಿಜವೇ ಆಗಿತ್ತು, ನಿಜಕ್ಕಿಂತ ಸ್ವಲ್ಪ ಕಡಿಮೆಯೇ ಆಗಿತ್ತು. ಲಾಂಡ್ರಿ ಅಮ್ಮನಿಗೆ ಜ್ವರ ಎಂದು ಕೇಳಿದ ಕ್ಷಣ ಅವನ ಮನಸ್ಸು ಮಾಡಿದ ಮೊದಲ ಕೆಲಸ ಹಣ್ಣಿನ ಅಂಗಡಿಗೆ ಹೋಗುವುದಾಗಿರಲಿಲ್ಲ. ಅದು ತನ್ನ ಊಟದ ಕೋಣೆಯ ಗೋಡೆಯನ್ನು ಅಳೆದಿತ್ತು. ತಾನು ಒಬ್ಬ ಸಭ್ಯ ಮನುಷ್ಯ, ರೋಗಿಗಳು ಹೆದರಿದರೆ ಕೈ ಹಿಡಿದು ಕೂರುವವನು. ಅಂಥವನ ಒಳಗೆ ಇನ್ನೊಬ್ಬ, ಅಳತೆಪಟ್ಟಿ ಹಿಡಿದುಕೊಂಡು, ಒಬ್ಬ ಮುದುಕಿ ಕಣ್ಣು ಮುಚ್ಚುವುದನ್ನು ಕಾಯುತ್ತ ನಿಂತಿದ್ದ. ಆ ಇನ್ನೊಬ್ಬನನ್ನು ಬೇರೆ ಯಾರೂ ನೋಡಿಲ್ಲ ಎಂದು ಅವನು ನಂಬಿದ್ದ. ಈಗ ನೋಡಿದರೆ ಆ ಮುದುಕಿಯೇ ಅವನನ್ನು ನೋಡಿ, ನಕ್ಕು, ಆಮೇಲೆ ಹಣ್ಣನ್ನೂ ತಿಂದಿದ್ದಳು. ವಿಚಿತ್ರವೆಂದರೆ, ನಾಚಿಕೆಯಿಂದ ನೆಲಕ್ಕಿಳಿಯಬೇಕಾದ ಆ ಹೊತ್ತಿನಲ್ಲಿ ಅವನಿಗೆ ಹಗುರವಾಗುತ್ತಿತ್ತು. ಹುಳುಕು ಹಲ್ಲನ್ನು ಮೊದಲ ಸಲ ಡಾಕ್ಟರಿಗೆ ತೋರಿಸಿದವರು ಯಾಕೆ ಅಷ್ಟು ಸಡಿಲವಾಗಿ ಕುರ್ಚಿಗೆ ಒರಗುತ್ತಾರೆ ಎಂದು ಅವನಿಗೆ ಇವತ್ತು ತಿಳಿಯಿತು.

“ನೀನು ಹೋಗಿ ಹೋಟೆಲಿನ ಗಂಟು ಕೊಟ್ಟು ಬಾ” ಎಂದು ಆಕೆ ಮಗಳನ್ನು ಕಳಿಸಿದಳು. ಮಗಳು ಗೊಣಗುತ್ತ, ಭಾಮೈದನ ತಲೆಯ ಮೇಲೆ ಒಂದು ಗಂಟು ಹೊರಿಸಿ, ತಾನೊಂದು ಹೊತ್ತು ಹೋದಳು. ಅವರು ಬೀದಿಯ ತಿರುವು ದಾಟುವವರೆಗೂ ಆಕೆ ಬಾಗಿಲ ಕಡೆ ನೋಡಿದಳು.

“ನಮ್ಮೆಜಮಾನ್ರಿಗೆ ಮಾತು ತೊದಲ್ತಿತ್ತು” ಎಂದಳು. “ಒಂದು ಮಾತು ಹೊರಗೆ ಬರೋಷ್ಟರಲ್ಲಿ ನಾನು ಎರಡು ಪ್ಯಾಂಟು ಇಸ್ತ್ರಿ ಮಾಡಿ ಮುಗಿಸ್ತಿದ್ದೆ. ಪಾಪ, ಬೇಜಾರು ಮಾಡ್ಕೊಳ್ಳೋರು. ಎಲ್ಲಿಂದ್ಲೋ ಇದನ್ನ ತಂದ್ರು. ಇದರಲ್ಲಿ ಆರು ಹಾಡಿವೆ. ಒಂದೊಂದಕ್ಕೆ ಒಂದೊಂದು ಅರ್ಥ ಅಂತ ನಾವೇ ಮಾಡ್ಕೊಂಡ್ವಿ. ಒಂದನೇದು, ಗಿರಾಕಿ ಬಂದಿದಾರೆ. ಎರಡನೇದು, ಹಸಿವಾಯ್ತು. ನಾಲ್ಕನೇದು, ತಪ್ಪಾಯ್ತು ಮಾರಾಯ್ತಿ, ಕೋಪ ಬಿಡು. ಅದೊಂದು ಬಹಳ ಸವೆದಿದೆ ನೋಡಿ.”

“ಮೂರನೇದು?” ಎಂದ ಅವನು.

ಆಕೆ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ, ಆಗಲೇ ಮುಗಿದಿದ್ದ ಕಾಲರನ್ನು ಇನ್ನೊಮ್ಮೆ ತೀಡಿದಳು. ಹಬೆಯ ನಡುವೆ ಆ ಸುಕ್ಕುಗಟ್ಟಿದ ಮುಖಕ್ಕೆ ಕೆಂಪು ಏರಿದ್ದನ್ನು ಅವನು ನೋಡಿದ, ನೋಡಬಾರದೆಂದು ಚಾವಣಿಯ ಕಡೆ ನೋಡಿದ, ಅಲ್ಲಿ ತಂತಿಯ ಮೇಲೆ ಯಾರದೋ ಕೋಟುಗಳು ಸಾಲಾಗಿ ತೂಗುತ್ತಿದ್ದವು. “ಗಂಡ ಹೆಂಡ್ತಿ ಅಂದ್ಮೇಲೆ ಎಲ್ಲಾ ಇರತ್ತೆ ಡಾಕ್ಟ್ರೇ” ಎಂದಳು ಆಕೆ ಕೊನೆಗೆ. “ಆ ಹಾಡು ನಿಮ್ಮನೇಲಿ, ಯಾರ್ಯಾರೋ ಊಟ ಮಾಡ್ತಾ ಇರೋವಾಗ, ರೋಗಿಗಳು ದವಡೆ ಹಿಡ್ಕೊಂಡು ಕೂತಿರೋವಾಗ ಕೇಳಿಸತ್ತೆ ಅಂದ್ರೆ ನಂಗೆ ಎಲ್ಲಿ ಹುದುಗಿಕೊಳ್ಳಲಿ ಅನ್ಸತ್ತೆ. ಇಷ್ಟು ದಿನ ಕೊಡದೇ ಇದ್ದಿದ್ದು ಅದಕ್ಕೆ. ಇನ್ನೇನಿಲ್ಲ. ಒಂದು ಕೆಲಸ ಮಾಡಿ. ಆ ಒಂದು ಹಾಡಿನ ಮೊಳೆಗಳನ್ನ ಕಿತ್ತುಹಾಕಿ. ಹೇಗೂ ಕೀಳೋದೇ ನಿಮ್ಮ ಕಸುಬು. ಕಿತ್ತುಹಾಕಿ, ಇವತ್ತೇ ಎತ್ತಿಕೊಂಡು ಹೋಗಿ.”

ಅವನು ಗಂಟುಗಳನ್ನು ಇಳಿಸಿ ಪೆಟ್ಟಿಗೆಯ ಹಿಂಬಾಗಿಲು ತೆಗೆದ. ಮೊದಲ ಸಲ. ಕಸುಬಿನ ಚೀಲದಿಂದ ಹಲ್ಲು ನೋಡುವ ಪುಟ್ಟ ಕನ್ನಡಿಯನ್ನೂ ಟಾರ್ಚನ್ನೂ ತೆಗೆದು ಒಳಗೆ ಇಳಿಬಿಟ್ಟಾಗ ಉರುಳೆ ಮಿನುಗಿತು. ಸಾವಿರಾರು ಮೊಳೆಗಳು, ಕೆಲವು ಸವೆದಿದ್ದರೂ ಒಂದೂ ಬಾಗಿರಲಿಲ್ಲ. ಇಷ್ಟು ಪೂರ್ತಿಯಾದ ಬಾಯನ್ನು ಅವನು ಯಾವ ಪೆಟ್ಟಿಗೆಯಲ್ಲೂ ಕಂಡಿರಲಿಲ್ಲ. ಆರು ಹಾಡುಗಳ ಮೊಳೆಗಳೂ ಒಂದರ ಪಕ್ಕ ಒಂದು, ಒಂದೇ ಮೈಮೇಲೆ. ಉರುಳೆಯನ್ನು ಒಂದು ಕಚ್ಚು ಪಕ್ಕಕ್ಕೆ ಸರಿಸಿದರೆ ಬೇರೆ ಹಾಡು. ಮೂರನೆಯದನ್ನು ಕೀಳಬಹುದು. ಕಿತ್ತರೆ ಅದು ಮತ್ತೆ ಹುಟ್ಟುವುದಿಲ್ಲ, ಯಾವ ಊರಿನ ಯಾವ ಕುಶಲಕರ್ಮಿ ಕಣ್ಣು ಕಿರಿದು ಮಾಡಿಕೊಂಡು ಒಂದೊಂದೇ ನೆಟ್ಟದ್ದೋ ಅದು. ಕೀಳದಿದ್ದರೆ ಪೆಟ್ಟಿಗೆ ಇಲ್ಲೇ, ಈ ಹಬೆಯಲ್ಲಿ, ಕೆಲವೇ ವರ್ಷದಲ್ಲಿ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಮೂರನೆಯ ದಾರಿಯೂ ಇತ್ತು, ಎಲ್ಲಕ್ಕಿಂತ ಸಲೀಸಾದದ್ದು: ಕಿತ್ತೆ ಎನ್ನುವುದು. ನಾಲ್ಕು ಸಲ ಇಕ್ಕಳದ ಸದ್ದು ಮಾಡಿದರೆ ಸಾಕು. ಆಕೆಗೆ ಈ ಕತ್ತಲಲ್ಲಿ ಏನು ಕಾಣುತ್ತದೆ? ದನಿ ಆಗಲೇ ಗಂಟಲಲ್ಲಿ ಸಿದ್ಧವಾಗುತ್ತಿತ್ತು, ಬೆಣ್ಣೆಯಂಥ ದನಿ, ‘ಏನೂ ನೋವಾಗಲ್ಲ’ದ ದನಿ. ಅವನು ಇಕ್ಕಳವನ್ನು ಕೈಗೆತ್ತಿಕೊಂಡ ಕೂಡ. ಹಿಂದೆ ಆಕೆ ಉಸಿರು ಬಿಗಿಹಿಡಿದು ನಿಂತದ್ದು ಕೇಳಿಸಿತು. ಕುರ್ಚಿಯ ಹಿಡಿಯನ್ನು ಅವುಚಿ ಹಿಡಿದ ರೋಗಿಯ ಉಸಿರು ಹಾಗೆಯೇ ಇರುತ್ತದೆ, ನೋವಾಗುವುದಿಲ್ಲ ಎಂದು ಎಷ್ಟು ಹೇಳಿದರೂ.

“ಇಲ್ಲಮ್ಮ, ನನ್ನ ಕೈಲಾಗಲ್ಲ” ಎಂದ ಅವನು ತಿರುಗಿ. “ಕೀಳಲ್ಲ. ಕಿತ್ತೆ ಅಂತ ನಿಮ್ಮ ಮುಂದೆ ಸುಳ್ಳು ಹೇಳೋಣ ಅಂತ ಇಕ್ಕಳ ಹಿಡ್ಕೊಂಡಿದ್ದೆ. ಅದೂ ಆಗ್ಲಿಲ್ಲ. ನೀವೇ ಇಟ್ಕೊಳ್ಳಿ. ಹಬೆ ತಾಗದ ಹಾಗೆ ಒಂದು ಮರೆ ಕಟ್ಟಿಕೊಟ್ಟು ಹೋಗ್ತೀನಿ.”

ಆಕೆ ಅವನನ್ನೇ ನೋಡಿದಳು. ಹಲ್ಲಿಲ್ಲದ ಬಾಯನ್ನು ಅಂಗೈಯಿಂದ ಮುಚ್ಚಿಕೊಂಡು ಕಿಸಕ್ಕನೆ ನಕ್ಕಳು. “ಸುಳ್ಳು ಹೇಳೋಕೆ ಬರದೇ ಇರೋರು ಶರ್ಟಿಗೆ ಕಾಫಿ ಯಾಕೆ ಸುರೀತೀರೋ” ಎಂದಳು. ಅವನೂ ನಕ್ಕ. ನಗು ಶುರುವಾದ ಮೇಲೆ ನಿಲ್ಲುವುದು ಕಷ್ಟವಾಯಿತು. ಕನ್ನಡಕ ಮತ್ತೆ ಮಂಜಾಯಿತು, ಈ ಸಲ ಹಬೆಯಿಂದ ಮಾತ್ರವೇ ಅಲ್ಲ.

“ಅದಕ್ಕೆ ಉಸಿರು ಇದೆಯಾ ನೋಡಿ ಮೊದ್ಲು” ಎಂದಳು ಆಕೆ.

ತಿದಿಯ ಮಡಿಕೆಗಳಲ್ಲಿ ಎರಡು ಕಡೆ ತೊಗಲು ಹರಿದಿತ್ತು. ಹಲ್ಲಿನ ಸುತ್ತ ಎಂಜಲು ಬರದಂತೆ ಕಟ್ಟುವ ತೆಳು ರಬ್ಬರಿನ ಹಾಳೆ ಅವನ ಚೀಲದಲ್ಲಿ ಯಾವಾಗಲೂ ಇರುತ್ತಿತ್ತು. ಅದನ್ನು ಕತ್ತರಿಸಿ, ಎರಡು ಪದರ ಅಂಟಿಸಿ, ಆಕೆ ಕೊಟ್ಟ ಇಸ್ತ್ರಿಪೆಟ್ಟಿಗೆಯ ಬಿಸಿಯನ್ನು ದೂರದಿಂದ ತೋರಿಸಿ ಒಣಗಿಸಿದ. ಕೊಳವೆಗಳ ಬಾಯಿಂದ ಧೂಳು ತೆಗೆದ. ಒಂದರಲ್ಲಿ ಜೇಡ ಮನೆ ಮಾಡಿತ್ತು. ಅದನ್ನು ಬೆರಳ ಮೇಲೆ ಹತ್ತಿಸಿಕೊಂಡು ಕಿಟಕಿಯ ಆಚೆ ಬಿಟ್ಟ. ಆಕೆ ಪಕ್ಕದಲ್ಲಿ ಮಣೆಯ ಮೇಲೆ ಕೂತು ಟಾರ್ಚು ಹಿಡಿದು, “ಅಲ್ಲಲ್ಲ, ಇನ್ನೂ ಒಳಗೆ, ಅವರು ಅಲ್ಲಿ ಎಣ್ಣೆ ಹಾಕೋರು” ಎಂದು ಹೇಳಿಕೊಡುತ್ತಿದ್ದಳು. ಅವನಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಇದು ತನ್ನದಾಗುವುದಿಲ್ಲ ಎಂದು ಗೊತ್ತಿದ್ದೂ ಕೈಗಳು ಹಾಯಾಗಿ ಕೆಲಸ ಮಾಡುತ್ತಿದ್ದವು, ಬೆಳಗಿನಿಂದ ಇದ್ದ ನಡುಕ ಎಲ್ಲಿ ಹೋಯಿತೋ. ಮಗಳೂ ಭಾಮೈದನೂ ಬೆವರು ಒರೆಸಿಕೊಳ್ಳುತ್ತ ವಾಪಸ್ಸು ಬರುವ ಹೊತ್ತಿಗೆ ಅವನು ಹಿಡಿಯನ್ನು ಮೆಲ್ಲನೆ ತಿರುಗಿಸುತ್ತಿದ್ದ. ಮೊದಲು ಮುದಿ ನಾಯಿಯಂಥ ಒಂದು ಆಕಳಿಕೆ ಬಂತು. ಆಮೇಲೆ ಒಂದನೆಯ ಹಾಡು, ಎಡವುತ್ತ, ಮೂಗಿನಲ್ಲಿ, ಆದರೂ ಹಾಡೇ. ಗಿರಾಕಿ ಬಂದಿದಾರೆ. ಲಾಂಡ್ರಿ ಅಮ್ಮ ದಡಕ್ಕನೆ ಎದ್ದು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟು, ನಿಂತು, ತನ್ನ ಕಾಲುಗಳನ್ನೇ ನೋಡಿಕೊಂಡಳು.

ಎರಡನೆಯದೂ ಮುಗಿಯಿತು. ಅವನು ಉರುಳೆಯನ್ನು ಮೂರನೆಯದಕ್ಕೆ ಸರಿಸಲಿಲ್ಲ, ಕೈ ತೆಗೆದ. ಆಕೆ ಸೆರಗಿನಂತೆ ಹೆಗಲ ಮೇಲೆ ಹಾಕಿಕೊಂಡಿದ್ದ ಒಗೆದ ಟವೆಲಿನಿಂದ ಮುಖ ಒರೆಸಿಕೊಂಡಳು. “ಇಲ್ಲೇ ಇದ್ರೆ ಇದು ಹಾಳಾಗತ್ತೆ, ಅಲ್ವಾ?” ಎಂದಳು.

“ಆಗತ್ತಮ್ಮ” ಎಂದ. ಆ ಬೆಣ್ಣೆಯಂಥ ದನಿಯಲ್ಲಿ ಹೇಳಲು ಅವನಿಗೆ ಬರಲಿಲ್ಲ.

“ಹಾಗಾದ್ರೆ ಎತ್ತಿ. ಎಲ್ಲಾ ಮೊಳೆನೂ ಇರ್ಲಿ. ಎತ್ತಿ ಬೇಗ, ನನ್ನ ಮನಸ್ಸು ಬದಲಾಗೋ ಮುಂಚೆ.”

ಮಗಳು ಮುಂದೆ ಬಂದು ಒಂದು ಬದಿಗೆ ಕೈಕೊಟ್ಟಳು. ಮೂವರೂ ಸೇರಿ ಪೆಟ್ಟಿಗೆಯನ್ನು ಎತ್ತಿ, ಇಸ್ತ್ರಿ ಮೇಜಿಗೆ ತಾಗದಂತೆ ಪಕ್ಕಕ್ಕೆ ತಿರುಗಿಸಿ, ಹೊಸ್ತಿಲು ದಾಟಿಸಿ ಬೀದಿಬದಿಯಲ್ಲಿ ಇಳಿಸಿದರು. ಬಿಸಿಲಿಗೆ ಅದರ ಕೆತ್ತನೆಯ ಬಣ್ಣ ಎದ್ದು ಬಂತು. ಇಷ್ಟು ದಿನ ಕಪ್ಪು ಎಂದುಕೊಂಡಿದ್ದದ್ದು ಹಸಿರು. ಅವನು ಹಿಂದಿರುಗಿ ನೋಡಲು ಹೆದರಿದ. ಒಳಗೆ ಆ ಖಾಲಿ ಜಾಗ ಇರುತ್ತದೆ, ಅಲ್ಲಿ ಆಕೆ ನಿಂತಿರುತ್ತಾಳೆ, ಚಪ್ಪಲಿಯ ತುದಿಯಿಂದ ನೆಲವನ್ನು ಮುಟ್ಟುತ್ತ. ಭಾಮೈದ ವ್ಯಾನಿನ ಹಿಂಬಾಗಿಲು ತೆಗೆದು ಹಾಸಿಗೆಗಳನ್ನು ಸರಿಮಾಡಿದ. “ಸ್ವಲ್ಪ ತಡೀರಿ” ಎಂದು ದನಿ ಕೇಳಿತು. ಆಕೆ ಹೊರಗೆ ಬಂದಿದ್ದಳು. ಕೂದಲು ಬಾಚಿಕೊಂಡಿದ್ದಳು, ಆಗ ತಾನೆ ಇಸ್ತ್ರಿ ಮಾಡಿದ ಬಟ್ಟೆ ಉಟ್ಟಿದ್ದಳು. ಯಾರ ಮುಖವನ್ನೂ ನೋಡದೆ ನೇರ ಪೆಟ್ಟಿಗೆಯ ಹತ್ತಿರ ಹೋಗಿ, ಪಕ್ಕದ ಗುಂಡಿಯನ್ನು ಎಳೆದು ಉರುಳೆಯನ್ನು ಸರಿಸಿ, ಹಿಡಿಗೆ ಕೈ ಹಾಕಿ ತಿರುಗಿಸಲು ಶುರುಮಾಡಿದಳು.

ಮೂರನೆಯ ಹಾಡು ಅವನು ಎಣಿಸಿದಂತೆ ಇರಲಿಲ್ಲ. ಮೆಲುದನಿಯದಲ್ಲ, ಬಳುಕುವುದೂ ಅಲ್ಲ. ಅದೊಂದು ಕುಣಿತದ ಹಾಡು, ಎಳೆ ಮಕ್ಕಳು ಮೆಟ್ಟಿಲಿಂದ ದುಡುದುಡು ಇಳಿದು ಬರುವಂಥದ್ದು. ಎದುರಿನ ಗಡಿಯಾರದ ಅಂಗಡಿಯವನು ಹೊರಗೆ ಬಂದು ನಿಂತ. ಮೇಲಿನ ಕಿಟಕಿಯೊಂದು ತೆರೆಯಿತು. ತರಕಾರಿ ಚೀಲ ಹಿಡಿದ ಇಬ್ಬರು ಹೆಂಗಸರು ನಿಂತು ತಲೆದೂಗಿದರು. ಯಾರೋ ಚಪ್ಪಾಳೆ ತಟ್ಟಿ ತಾಳ ಹಾಕಿದರು, ಹಾಡಹಗಲಲ್ಲಿ, ಅದರ ಅರ್ಥ ಗೊತ್ತಿಲ್ಲದೆ. ಗೊತ್ತಿದ್ದವನು ಅವನೊಬ್ಬನೇ. ಅವನು ಎಲ್ಲಿ ನೋಡಬೇಕೋ ತಿಳಿಯದೆ ತನ್ನ ಬೂಟುಗಳನ್ನು ನೋಡಿದ, ಮತ್ತೆ ತಡೆಯಲಾರದೆ ಆಕೆಯ ಮುಖವನ್ನು ನೋಡಿದ. ನಾಚಿಕೆ ಅಲ್ಲಿ ಇದ್ದೇ ಇತ್ತು, ಆದರೆ ಹೊಸ ಬಟ್ಟೆ ಉಟ್ಟವರ ನಾಚಿಕೆ, ಎಲ್ಲರೂ ನೋಡಲಿ ಎನ್ನುವಂಥದ್ದು.

ಮಗಳು ಹೊಸ್ತಿಲಲ್ಲಿ ಕಲ್ಲಾಗಿ ನಿಂತಿದ್ದಳು. ಹುಬ್ಬು ಗಂಟಿಕ್ಕಿ, ತಲೆ ಓರೆ ಮಾಡಿ, ಎಲ್ಲೋ ದೂರದ್ದನ್ನು ಹುಡುಕುವವಳಂತೆ ಕೇಳುತ್ತಿದ್ದಳು. “ಅಮ್ಮಾ” ಎಂದಳು, “ಈ ಹಾಡು ನಂಗೊತ್ತು. ನಾನು ಚಿಕ್ಕವಳಿದ್ದಾಗ ಈ ಹಾಡು ಬಂದ ತಕ್ಷಣ ನೀನು ನನ್ನ ಸೋಪು ತರೋಕೆ ಬೀದಿ ಕೊನೇ ಅಂಗಡಿಗೆ ಕಳಿಸ್ತಿದ್ದೆ. ನಿಧಾನಕ್ಕೆ ಬಾ, ಓಡಬೇಡ ಅಂತ...” ಅವಳ ಮಾತು ಅರ್ಧಕ್ಕೆ ನಿಂತಿತು. ಬಾಯಿ ತೆರೆದೇ ಇತ್ತು. ಅವನಿಗೆ ಕಸುಬಿನ ಅಭ್ಯಾಸದಿಂದ ಕೆಳದವಡೆಯ ಎರಡು ತುಂಬಿಸಿದ ಹಲ್ಲುಗಳು ಕಂಡವು. “ಅಯ್ಯೋ ಅಮ್ಮಾ!” ಎಂದು ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, ಬಾಗಿಲ ಚೌಕಟ್ಟಿಗೆ ಒರಗಿ, ಮೈಯೆಲ್ಲ ಕುಲುಕುವಂತೆ ನಗತೊಡಗಿದಳು. “ಮನೆ ತುಂಬ ಸೋಪಿರ್ತಿತ್ತಲ್ಲಮ್ಮಾ, ಕಪಾಟು ತುಂಬ!”

“ಲಾಂಡ್ರಿಗೆ ಸೋಪು ಎಷ್ಟಿದ್ರೂ ಬೇಕು” ಎಂದಳು ಆಕೆ, ತಿರುಗಿಸುವ ಕೈ ನಿಲ್ಲಿಸದೆ.

ರಬ್ಬರಿನ ತೇಪೆಯ ಹತ್ತಿರ ಗಾಳಿ ಸಣ್ಣಗೆ ಸೋರುತ್ತಿತ್ತು. ಅವನಿಗೆ ಅದು ಕೇಳಿಸುತ್ತಿತ್ತು, ಕೇಳಿಸಿದರೂ ಬಗ್ಗಿ ನೋಡಬೇಕೆನಿಸಲಿಲ್ಲ. ಭಾಮೈದ ಹತ್ತಿರ ಬಂದು, ತೋಳು ಏರಿಸಿಕೊಂಡು, “ಎತ್ತೋಣ್ವಾ ಭಾವ?” ಎಂದು ಪಿಸುಗುಟ್ಟಿದ.

“ಇರಪ್ಪ” ಎಂದ ಅವನು. “ಅವರದು ಮುಗೀಲಿ.”